ತುಮಕೂರಿನಿಂದ ಒಂದು ದಿನ: ಬೆಂಗಳೂರಿನ ಕಾರ್ಟೂನ್ ಗ್ಯಾಲರಿಯನ್ನು ನೋಡಿ ಬರುವ ಕ್ರಮ

ಬೆಂಗಳೂರಿಗೆ ಹೋದಾಗ ಮಾಲ್ ಮತ್ತು ಹೋಟೆಲ್ ಬಿಟ್ಟು ಮಕ್ಕಳಿಗೆ ಬೇರೇನು ತೋರಿಸಬಹುದು, ಟಿಕೆಟ್ ಇಲ್ಲದೆ ನೋಡಬಹುದಾದ ಒಳ್ಳೆಯ ಜಾಗ ಯಾವುದಿದೆ, ಬೆಳಿಗ್ಗೆ ತುಮಕೂರು ಬಿಟ್ಟು ಸಂಜೆಯೊಳಗೆ ಮನೆ ಸೇರಬಹುದೇ ಎಂಬ ಪ್ರಶ್ನೆಗಳನ್ನು ಓದುಗರು ಮೇಲಿಂದ ಮೇಲೆ ಕೇಳುತ್ತಿರುವುದರಿಂದ ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ. ನನ್ನ ಉತ್ತರ ಪ್ರತಿಸಲವೂ ಒಂದೇ: ಎಂ.ಜಿ. ರಸ್ತೆಯ ಮಗ್ಗುಲಲ್ಲಿರುವ ಇಂಡಿಯನ್ ಕಾರ್ಟೂನ್ ಗ್ಯಾಲರಿ. ಜಾಗ ಚಿಕ್ಕದು, ಪ್ರವೇಶ ಉಚಿತ. ರಸ್ತೆಗುಂಡಿ, ನೀರಿನ ಸಾಲು, ಬಸ್ಸಿನ ನೂಕುನುಗ್ಗಲು, ಬಾಡಿಗೆ ಮನೆ, ಕಚೇರಿಯ ಅಲೆದಾಟ ಮುಂತಾದ ನಗರದ ದಿನನಿತ್ಯದ ಬದುಕನ್ನು ಇಷ್ಟು ಹತ್ತಿರದಿಂದ ತೋರಿಸುವ ಜಾಗ ನನಗೆ ತಿಳಿದಂತೆ ಸುತ್ತಮುತ್ತ ಇನ್ನೊಂದಿಲ್ಲ. ಆದರೆ ಸಿದ್ಧತೆಯಿಲ್ಲದೆ ಹೋದವರು ಹತ್ತು ನಿಮಿಷದಲ್ಲಿ ಒಂದು ಸುತ್ತು ಹಾಕಿ, ನಾಲ್ಕು ಚಿತ್ರಕ್ಕೆ ನಕ್ಕು, ಹೊರಗೆ ಬಂದುಬಿಡುತ್ತಾರೆ. ಹಾಗಾಗಬಾರದು ಎಂಬುದೇ ಈ ಬರಹದ ಕಾಳಜಿ.

ಮೊದಲು ಜಾಗದ ಪರಿಚಯವನ್ನು ಮಾಡಿಕೊಳ್ಳೋಣ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕಾರ್ಟೂನಿಸ್ಟ್ಸ್ ಎಂಬುದು 2001ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರರ ಸಂಸ್ಥೆ. ಆ ಸಂಸ್ಥೆ 2007ರಲ್ಲಿ ತೆರೆದ ಗ್ಯಾಲರಿ ಇದು. ವ್ಯಂಗ್ಯಚಿತ್ರಗಳಿಗೆಂದೇ ಮೀಸಲಾದ ಗ್ಯಾಲರಿ ನಮ್ಮ ದೇಶದಲ್ಲಿ ಅಪರೂಪ. ಇಲ್ಲಿ ಗೋಡೆಯ ಮೇಲಿರುವ ಚಿತ್ರಗಳು ಶಾಶ್ವತವಲ್ಲ. ಒಬ್ಬ ಕಲಾವಿದರ ಅಥವಾ ಒಂದು ವಿಷಯದ ಪ್ರದರ್ಶನ ಸಾಮಾನ್ಯವಾಗಿ ಎರಡು ಮೂರು ವಾರ ನಡೆದು, ಬಳಿಕ ಇನ್ನೊಂದು ಬರುತ್ತದೆ. ನಿಮ್ಮ ನೆರೆಯವರು ಕಳೆದ ವರ್ಷ ನೋಡಿ ಬಂದು ಹೊಗಳಿದ ಚಿತ್ರಗಳು ನಿಮಗೆ ಸಿಗುವುದಿಲ್ಲ ಎಂಬುದನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಿ.

ಬೇಕಾಗುವ ವಸ್ತುಗಳು ಹೆಚ್ಚಿಲ್ಲ. ಒಂದು ಸಣ್ಣ ನೋಟ್ ಪುಸ್ತಕ, ಒಂದು ಪೆನ್ಸಿಲ್ (ಗ್ಯಾಲರಿಯೊಳಗೆ ಶಾಯಿ ಪೆನ್ನು ಬಳಸದಿರುವುದು ಒಳ್ಳೆಯ ಅಭ್ಯಾಸ), ಓದುವ ಕನ್ನಡಕ, ನೀರಿನ ಬಾಟಲಿ, ಮತ್ತು ಕರ್ನಾಟಕದ ವಿಳಾಸವಿರುವ ಒಂದು ಗುರುತಿನ ಚೀಟಿ. ಕನ್ನಡಕವನ್ನು ಮರೆತರೆ ಹೋದದ್ದೇ ವ್ಯರ್ಥವೆನ್ನಬಹುದು, ಏಕೆಂದರೆ ಅನೇಕ ಚಿತ್ರಗಳಲ್ಲಿ ಅರ್ಥದ ಬೀಗ ಇರುವುದು ಅಡಿಬರಹದ ಸಣ್ಣ ಅಕ್ಷರಗಳಲ್ಲಿ.

1. ದಿನವನ್ನು ಗೊತ್ತುಮಾಡಿಕೊಳ್ಳಿ

ಬಹುತೇಕ ಎಲ್ಲರೂ ಎಡವುವುದು ಇಲ್ಲಿಯೇ. ಗ್ಯಾಲರಿ ತೆರೆದಿರುವುದು ಸೋಮವಾರದಿಂದ ಶನಿವಾರದವರೆಗೆ, ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ; ಭಾನುವಾರ ರಜೆ. ಸರ್ಕಾರಿ ವಸ್ತುಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆಯಿರುವುದರಿಂದ, ಇದೂ ಹಾಗೆಯೇ ಇರಬಹುದೆಂದು ಭಾವಿಸಿ ಭಾನುವಾರ ಮಕ್ಕಳನ್ನು ಕಟ್ಟಿಕೊಂಡು ಹೊರಡುವ ಕುಟುಂಬಗಳು ಬಾಗಿಲು ನೋಡಿ ಹಿಂದಿರುಗುತ್ತವೆ. ನಾನೂ ಮೊದಲ ಸಲ ಹೋದದ್ದು ಭಾನುವಾರವೇ. ಶಾಲಾ ಮಕ್ಕಳಿರುವವರಿಗೆ ಶನಿವಾರ ಮಧ್ಯಾಹ್ನ ಅಥವಾ ದಸರಾ ರಜೆಯ ವಾರದ ದಿನಗಳು ಅನುಕೂಲ. ಹಬ್ಬದ ದಿನಗಳಲ್ಲಿ ಹೋಗಬೇಡಿ.

ದಿನ ಗೊತ್ತಾದ ಮೇಲೆ ಎರಡು ದಿನ ಮುಂಚೆ ಗ್ಯಾಲರಿಗೆ ಫೋನ್ ಮಾಡಿ ಮೂರು ವಿಷಯಗಳನ್ನು ಕೇಳಿ: ಈಗ ನಡೆಯುತ್ತಿರುವ ಪ್ರದರ್ಶನ ಯಾರದು, ಅದು ಎಂದಿಗೆ ಮುಗಿಯುತ್ತದೆ, ನೀವು ಹೋಗುವ ದಿನ ಬಾಗಿಲು ತೆರೆದಿರುತ್ತದೆಯೇ. ಮೂರನೆಯ ಪ್ರಶ್ನೆ ಅತಿಯಾಯಿತು ಎನಿಸಬಹುದು. ಆದರೆ ಹಳೆಯ ಪ್ರದರ್ಶನವನ್ನು ಇಳಿಸಿ ಹೊಸದನ್ನು ಏರಿಸುವ ನಡುವಿನ ದಿನಗಳಲ್ಲಿ ಗೋಡೆಗಳು ಖಾಲಿ ಇರುತ್ತವೆ. ಎಪ್ಪತ್ತು ಕಿಲೋಮೀಟರು ಹೋಗಿ ಮೊಳೆಗಳನ್ನು ನೋಡಿ ಬರುವುದು ಯಾರಿಗೂ ಬೇಡ. ಪ್ರದರ್ಶನ ಆರಂಭವಾದ ಎರಡು ಮೂರು ದಿನಗಳ ನಂತರ, ಮುಗಿಯುವುದಕ್ಕೆ ಎರಡು ಮೂರು ದಿನಗಳ ಮೊದಲು ಹೋಗುವುದು ಸರಿಯಾದ ಲೆಕ್ಕ. ಹತ್ತಕ್ಕಿಂತ ಹೆಚ್ಚು ಜನರಿದ್ದರೆ, ಮುಖ್ಯವಾಗಿ ಶಾಲೆಯ ಗುಂಪಾಗಿದ್ದರೆ, ಅದನ್ನೂ ಮುಂಚಿತವಾಗಿ ತಿಳಿಸಿ. ಚಿಕ್ಕ ಜಾಗದಲ್ಲಿ ನಲವತ್ತು ಮಕ್ಕಳು ಒಮ್ಮೆಗೇ ನುಗ್ಗಿದರೆ ಯಾರೂ ಏನನ್ನೂ ನೋಡಲಾರರು.

2. ಹೊರಡುವ ಮುನ್ನ ಅರ್ಧ ಗಂಟೆ ಓದಿಕೊಳ್ಳಿ

ವ್ಯಂಗ್ಯಚಿತ್ರವೆಂಬುದು ಪತ್ರಿಕೆಯ ಸುದ್ದಿಯ ಮೇಲೆ ನಿಂತಿರುತ್ತದೆ. ಸುದ್ದಿ ಮರೆತುಹೋದರೆ ಚಿತ್ರ ಮಂಕಾಗುತ್ತದೆ. ಆದ್ದರಿಂದ ಪ್ರದರ್ಶನ ಯಾರದೆಂದು ತಿಳಿದ ಮೇಲೆ ಆ ಕಲಾವಿದರು ಯಾವ ಪತ್ರಿಕೆಗೆ, ಯಾವ ವರ್ಷಗಳಲ್ಲಿ ಬರೆದರು ಎಂಬಷ್ಟನ್ನಾದರೂ ತಿಳಿದುಕೊಳ್ಳಿ. ಜೊತೆಗೆ ನಮ್ಮ ನಾಡಿನ ವ್ಯಂಗ್ಯಚಿತ್ರದ ಹಿನ್ನೆಲೆ ಸ್ವಲ್ಪ ಗೊತ್ತಿದ್ದರೆ ಯಾವ ಪ್ರದರ್ಶನವಿದ್ದರೂ ನೋಟಕ್ಕೆ ಆಸರೆ ಸಿಗುತ್ತದೆ.

ರಾಶಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಡಾ. ಎಂ. ಶಿವರಾಂ ಅವರು 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯ ಮಾಸಪತ್ರಿಕೆಯನ್ನು ಆರಂಭಿಸಿದರು. ಮುಂದೆ ದೇಶಕ್ಕೇ ಹೆಸರಾದ ಆರ್.ಕೆ. ಲಕ್ಷ್ಮಣ್ ತಮ್ಮ ಎಳೆಯ ವಯಸ್ಸಿನಲ್ಲಿ ಆ ಪತ್ರಿಕೆಗೆ ಚಿತ್ರ ಬರೆದವರು. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಅಲ್ಲಿಯ ಮಹಾರಾಜ ಕಾಲೇಜಿನಲ್ಲಿ ಓದಿದ ಲಕ್ಷ್ಮಣ್ ಅವರ ‘ಕಾಮನ್ ಮ್ಯಾನ್’, ಅಂದರೆ ಚೌಕಳಿ ಕೋಟು, ಧೋತ್ರ, ದುಂಡು ಕನ್ನಡಕದ ಶ್ರೀಸಾಮಾನ್ಯ, ಮಾತಾಡುವುದೇ ಇಲ್ಲ. ಮಂತ್ರಿ ಮಾತಾಡುತ್ತಾನೆ, ಅಧಿಕಾರಿ ಮಾತಾಡುತ್ತಾನೆ, ಹೆಂಡತಿ ಮಾತಾಡುತ್ತಾಳೆ. ಇವನು ಮೂಲೆಯಲ್ಲಿ ನಿಂತು ನೋಡುತ್ತಾನೆ. ಬೆಂಗಳೂರಿನ ಇಂಗ್ಲಿಷ್ ಓದುಗರಿಗೆ ಬಿ.ವಿ. ರಾಮಮೂರ್ತಿ ಅವರ ‘ಮಿಸ್ಟರ್ ಸಿಟಿಜನ್’ ಅಷ್ಟೇ ಪರಿಚಿತ ಪಾತ್ರವಾಗಿತ್ತು. ಬೆಂಗಳೂರಿನಲ್ಲಿದ್ದುಕೊಂಡು ಬರೆದ ಮಾಯಾ ಕಾಮತ್ (1951–2001) ಭಾರತದ ಪತ್ರಿಕೆಗಳಲ್ಲಿ ರಾಜಕೀಯ ವ್ಯಂಗ್ಯಚಿತ್ರ ರಚಿಸಿದ ಕೆಲವೇ ಮಹಿಳೆಯರಲ್ಲಿ ಒಬ್ಬರು. ಅವರ ನೆನಪಿನಲ್ಲಿ ಈ ಸಂಸ್ಥೆ ವ್ಯಂಗ್ಯಚಿತ್ರ ಸ್ಪರ್ಧೆ ನಡೆಸಿ ಪ್ರಶಸ್ತಿ ಕೊಡುತ್ತದೆ. ಮನೆಯಲ್ಲಿ ಹೆಣ್ಣುಮಕ್ಕಳಿದ್ದರೆ ಈ ಒಂದು ಹೆಸರನ್ನು ಹೊರಡುವ ಮುನ್ನವೇ ಅವರ ಕಿವಿಗೆ ಹಾಕಿ.

ನಾಲ್ಕು ಪದಗಳನ್ನೂ ಮಕ್ಕಳಿಗೆ ಮೊದಲೇ ಹೇಳಿಕೊಡಿ. ಪಾಕೆಟ್ ಕಾರ್ಟೂನ್ ಎಂದರೆ ಪತ್ರಿಕೆಯ ಒಂದೇ ಕಾಲಂ ಅಗಲದಲ್ಲಿ, ಸಾಮಾನ್ಯವಾಗಿ ಮುಖಪುಟದಲ್ಲಿ, ಬರುವ ಚಿಕ್ಕ ಚಿತ್ರ. ಸಂಪಾದಕೀಯ ಕಾರ್ಟೂನ್ ಎಂದರೆ ದೊಡ್ಡದಾಗಿ, ದಿನದ ಮುಖ್ಯ ವಿದ್ಯಮಾನದ ಮೇಲೆ ಪತ್ರಿಕೆ ತಾಳುವ ನಿಲುವಿನಂತೆ ಬರುವ ಚಿತ್ರ. ಸ್ಟ್ರಿಪ್ ಎಂದರೆ ಮೂರು ನಾಲ್ಕು ಚೌಕಗಳಲ್ಲಿ ಎಡದಿಂದ ಬಲಕ್ಕೆ ಸಾಗುವ ಪುಟ್ಟ ಕಥೆ. ಕ್ಯಾರಿಕೇಚರ್ ಎಂದರೆ ಒಬ್ಬ ವ್ಯಕ್ತಿಯ ಮುಖಲಕ್ಷಣವನ್ನು, ಉದ್ದ ಮೂಗೋ ದಪ್ಪ ಹುಬ್ಬೋ ಏನಿದೆಯೋ ಅದನ್ನು, ಹಿಗ್ಗಿಸಿ ಬರೆದರೂ ಗುರುತು ಕೆಡದಂತೆ ಉಳಿಸುವ ಭಾವಚಿತ್ರ.

3. ಪ್ರಯಾಣ

ರೈಲಿನಲ್ಲಿ ಹೋಗುವವರು ಯಶವಂತಪುರದಲ್ಲಿ ಇಳಿದು, ಪಕ್ಕದಲ್ಲೇ ಇರುವ ಮೆಟ್ರೋ ನಿಲ್ದಾಣದಿಂದ ಹಸಿರು ಮಾರ್ಗ ಹಿಡಿಯಬಹುದು. ಅಥವಾ ಬೆಂಗಳೂರು ಸಿಟಿ ನಿಲ್ದಾಣದವರೆಗೆ ಹೋಗಿ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗ ಹತ್ತಬಹುದು. ಮಕ್ಕಳು, ಹಿರಿಯರು ಜೊತೆಗಿದ್ದರೆ ಎರಡನೆಯದೇ ಲೇಸು, ಏಕೆಂದರೆ ಮಾರ್ಗ ಬದಲಿಸುವ ತಾಪತ್ರಯ ತಪ್ಪುತ್ತದೆ. ಜನಶತಾಬ್ದಿಯಂಥ ಗಾಡಿಗಳಿಗೆ ಸಾಮಾನ್ಯ ಟಿಕೆಟ್ ನಡೆಯುವುದಿಲ್ಲ. ಸೀಟು ಕಾಯ್ದಿರಿಸದೆ ಹತ್ತಿ ದಂಡ ತೆರುವವರನ್ನು ನಮ್ಮ ನಿಲ್ದಾಣದಲ್ಲಿ ಆಗಾಗ ಕಾಣುತ್ತೇವೆ.

ಬಸ್ಸಿನಲ್ಲಿ ಹೋಗುವವರಿಗೆ 2024ರ ನವೆಂಬರ್‌ನಿಂದ ಹೊಸ ಅನುಕೂಲವೊಂದು ಒದಗಿದೆ. ಹಸಿರು ಮಾರ್ಗ ಈಗ ತುಮಕೂರು ರಸ್ತೆಯ ಮಾದಾವರದವರೆಗೆ ಬಂದಿದೆ. ಅಲ್ಲಿ ಇಳಿದರೆ ನಗರದ ವಾಹನದಟ್ಟಣೆಯನ್ನು ಪೂರ್ತಿ ತಪ್ಪಿಸಬಹುದು. ಆದರೆ ಎಲ್ಲ ಬಸ್ಸುಗಳೂ ಅಲ್ಲಿ ನಿಲ್ಲುತ್ತವೆ ಎಂದುಕೊಳ್ಳಬೇಡಿ. ಹತ್ತುವಾಗಲೇ ಕಂಡಕ್ಟರನ್ನು ಕೇಳಿ ಖಚಿತಪಡಿಸಿಕೊಳ್ಳಿ. ನಾಗಸಂದ್ರದ ಬಳಿ ಬಸ್ಸು ಮೇಲ್ಸೇತುವೆಯನ್ನು ಹತ್ತಿದರೆ ಗೊರಗುಂಟೆಪಾಳ್ಯದವರೆಗೆ ಇಳಿಯಲು ಅವಕಾಶವಿಲ್ಲ. ಕರ್ನಾಟಕದ ಮಹಿಳೆಯರಿಗೆ 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಂತೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ. ರಾಜಹಂಸ ಮತ್ತು ಹವಾನಿಯಂತ್ರಿತ ಬಸ್ಸುಗಳಲ್ಲಿ ಅದು ಅನ್ವಯಿಸುವುದಿಲ್ಲ. ಗುರುತಿನ ಚೀಟಿ ತನ್ನಿ ಎಂದು ಮೇಲೆ ಹೇಳಿದ್ದು ಇದಕ್ಕಾಗಿಯೇ. ಹಣವಿಲ್ಲದ ಪ್ರಯಾಣವಾದರೂ ಶೂನ್ಯ ಮೊತ್ತದ ಟಿಕೆಟನ್ನು ಕೇಳಿ ಪಡೆಯಬೇಕು.

ಹಸಿರು ಮಾರ್ಗದಲ್ಲಿ ಬಂದವರು ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗಕ್ಕೆ ಬದಲಾಗಬೇಕು. ವೈಟ್‌ಫೀಲ್ಡ್ (ಕಾಡುಗೋಡಿ) ಕಡೆಗೆ ಹೋಗುವ ಗಾಡಿಯನ್ನೇ ಹತ್ತಿ. ಎದುರಿನ ಪ್ಲಾಟ್‌ಫಾರ್ಮಿನ ಗಾಡಿ ಚಲ್ಲಘಟ್ಟದ ಕಡೆಗೆ, ಅಂದರೆ ತದ್ವಿರುದ್ಧ ದಿಕ್ಕಿಗೆ ಹೋಗುತ್ತದೆ. ಮೆಜೆಸ್ಟಿಕ್ ಬಿಟ್ಟ ಮೇಲೆ ಐದನೆಯ ನಿಲ್ದಾಣ ಟ್ರಿನಿಟಿ. ಅದಕ್ಕೂ ಮೊದಲಿನದು ಎಂ.ಜಿ. ರಸ್ತೆ. ವಿಳಾಸದಲ್ಲಿ ಎಂ.ಜಿ. ರಸ್ತೆ ಎಂದಿರುವುದರಿಂದ ಅನೇಕರು ಆ ನಿಲ್ದಾಣದಲ್ಲೇ ಇಳಿದು ಬಿಸಿಲಿನಲ್ಲಿ ಬಹುದೂರ ನಡೆಯುತ್ತಾರೆ. ನೀವು ಟ್ರಿನಿಟಿಯಲ್ಲಿ ಇಳಿಯಿರಿ. ಗ್ಯಾಲರಿ ಇರುವುದು ಮುಖ್ಯರಸ್ತೆಯ ಮೇಲಲ್ಲ, ಅದಕ್ಕೆ ಸೇರಿದ ಮಿಡ್‌ಫೋರ್ಡ್ ಗಾರ್ಡನ್ ಎಂಬ ಒಳರಸ್ತೆಯ ಮಿಡ್‌ಫೋರ್ಡ್ ಹೌಸ್‌ನಲ್ಲಿ. ಕಾರ್ಟೂನ್ ಗ್ಯಾಲರಿ ಎಂದು ದಾರಿಯಲ್ಲಿ ಕೇಳಿದರೆ ತಲೆ ಅಲ್ಲಾಡಿಸುವವರೇ ಹೆಚ್ಚು. ಬಿಗ್ ಕಿಡ್ಸ್ ಕೆಂಪ್ ಹತ್ತಿರದ ಮಿಡ್‌ಫೋರ್ಡ್ ಗಾರ್ಡನ್ ಎಂದು ಕೇಳಿದರೆ ಹಳಬರು ತೋರಿಸುತ್ತಾರೆ.

ಕಾರು ತರಬೇಡಿ. ಆ ಭಾಗದಲ್ಲಿ ನಿಲ್ಲಿಸುವ ಜಾಗ ಹುಡುಕುವುದರಲ್ಲೇ ನೋಡುವ ಉತ್ಸಾಹ ಕರಗುತ್ತದೆ.

4. ಒಳಗೆ ಹೋದ ಮೇಲೆ ಮೊದಲ ಹತ್ತು ನಿಮಿಷ

ಬಾಗಿಲಲ್ಲಿ ಸಂದರ್ಶಕರ ಪುಸ್ತಕವಿದ್ದರೆ ಹೆಸರು, ಊರು ಬರೆಯಿರಿ. ಅಭಿಪ್ರಾಯವನ್ನು ಹೊರಡುವಾಗ ಬರೆಯುವುದು ಒಳ್ಳೆಯದು. ಫೋಟೋ ತೆಗೆಯಬಹುದೇ ಎಂದು ಅಲ್ಲಿರುವವರನ್ನು ಕೇಳಿ. ಇಂಥ ಪ್ರದರ್ಶನಗಳಲ್ಲಿ ಚಿತ್ರಗಳ ಹಕ್ಕು ಸಾಮಾನ್ಯವಾಗಿ ಕಲಾವಿದರಿಗೆ ಅಥವಾ ಪತ್ರಿಕೆಗೆ ಸೇರಿರುತ್ತದೆ, ಆದ್ದರಿಂದ ಅನುಮತಿ ಸಿಕ್ಕರೂ ಇಡೀ ಪ್ರದರ್ಶನವನ್ನು ಮೊಬೈಲಿನಲ್ಲಿ ಸೆರೆಹಿಡಿದು ವಾಟ್ಸಾಪ್ ಗುಂಪುಗಳಿಗೆ ಹಂಚುವುದು ತಪ್ಪು. ಫ್ಲ್ಯಾಶ್ ಬೇಡವೇ ಬೇಡ.

ನಂತರ ಯಾವ ಚಿತ್ರದ ಮುಂದೆಯೂ ನಿಲ್ಲದೆ ಇಡೀ ಕೋಣೆಯನ್ನು ಒಂದು ಸುತ್ತು ಹಾಕಿ. ಎಷ್ಟು ಚಿತ್ರಗಳಿವೆ, ಯಾವ ಕಾಲದವು, ಕಪ್ಪು ಬಿಳುಪೋ ಬಣ್ಣದ್ದೋ, ನಿಮ್ಮ ಕಣ್ಣು ತಾನಾಗಿ ಎಲ್ಲಿ ನಿಂತಿತು ಎಂಬುದನ್ನಷ್ಟೇ ಗಮನಿಸಿ. ಈ ಸುತ್ತಿನಲ್ಲಿ ಐದು ಚಿತ್ರಗಳನ್ನು ಮನಸ್ಸಿನಲ್ಲಿ ಆರಿಸಿಕೊಳ್ಳಿ. ಉಚಿತ ಪ್ರವೇಶವಿರುವುದರಿಂದ ಎಲ್ಲವನ್ನೂ ನೋಡಿ ಮುಗಿಸಲೇಬೇಕೆಂಬ ಬಲವಂತವಿಲ್ಲ. ಐದನ್ನು ಚೆನ್ನಾಗಿ ನೋಡಿದವರು ಐವತ್ತನ್ನು ಓಡಿ ನೋಡಿದವರಿಗಿಂತ ಹೆಚ್ಚನ್ನು ಮನೆಗೆ ಒಯ್ಯುತ್ತಾರೆ.

5. ಒಂದು ಚಿತ್ರವನ್ನು ಓದುವ ಕ್ರಮ

ಇಡೀ ಪ್ರಯಾಣದ ತಿರುಳು ಇದು, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಎಲ್ಲರೂ ಮಾಡುವುದೇನೆಂದರೆ ನೇರವಾಗಿ ಅಡಿಬರಹ ಓದಿ, ನಕ್ಕು, ಮುಂದಕ್ಕೆ ಹೋಗುವುದು. ನೀವು ಅದನ್ನು ಉಲ್ಟಾ ಮಾಡಿ. ಅಡಿಬರಹವನ್ನು ಕೈಯಿಂದ ಮರೆಮಾಡಿಕೊಂಡು (ಗಾಜನ್ನು ಮುಟ್ಟದೆ, ಕಣ್ಣಿನ ಮುಂದೆ ಅಂಗೈ ಹಿಡಿದರೆ ಸಾಕು) ಚಿತ್ರವನ್ನು ಮಾತ್ರ ಒಂದು ನಿಮಿಷ ನೋಡಿ. ಮಕ್ಕಳಿಗೆ ಇದೊಂದು ಆಟ. ದೊಡ್ಡವರಿಗೆ ಮಾತ್ರ ಒಂದು ನಿಮಿಷ ಬಹಳ ದೀರ್ಘವೆನಿಸುತ್ತದೆ.

ಉದಾಹರಣೆಗೆ ಇಂಥದೊಂದು ಚಿತ್ರ ನಿಮ್ಮೆದುರಿಗಿದೆ ಎಂದಿಟ್ಟುಕೊಳ್ಳಿ. ರಸ್ತೆಯ ನಡುವೆ ಒಂದು ಗುಂಡಿ. ಅದರಲ್ಲಿ ಮೊಣಕಾಲುದ್ದ ನೀರು. ಪಕ್ಕದಲ್ಲಿ ಕಾರಿನಿಂದ ಇಳಿಯುತ್ತಿರುವ ಬಿಳಿ ಬಟ್ಟೆಯ ನಾಯಕ. ಅವನಿಗೆ ಕೊಡೆ ಹಿಡಿದ ಅಧಿಕಾರಿ. ದೂರದಲ್ಲಿ ಸ್ಕೂಟರ್ ತಳ್ಳಿಕೊಂಡು ಬರುತ್ತಿರುವ ಒಬ್ಬ ಮನುಷ್ಯ. ಮೊದಲು ಕೇಳಬೇಕಾದ ಪ್ರಶ್ನೆ, ಯಾರು ಯಾರನ್ನು ನೋಡುತ್ತಿದ್ದಾರೆ ಎಂಬುದು. ಅಧಿಕಾರಿ ನಾಯಕನನ್ನು ನೋಡುತ್ತಿದ್ದಾನೆ, ನಾಯಕ ಕ್ಯಾಮೆರಾದವರನ್ನು ಹುಡುಕುತ್ತಿದ್ದಾನೆ, ಗುಂಡಿಯನ್ನು ನೋಡುತ್ತಿರುವವನು ಸ್ಕೂಟರಿನವನೊಬ್ಬನೇ. ಅಡಿಬರಹ ಬರುವ ಮೊದಲೇ ಚಿತ್ರ ತನ್ನ ಮಾತನ್ನು ಅರ್ಧ ಹೇಳಿಬಿಟ್ಟಿತು. ಎರಡನೆಯ ಪ್ರಶ್ನೆ ಗಾತ್ರದ್ದು: ಯಾರನ್ನು ದೊಡ್ಡದಾಗಿ, ಯಾರನ್ನು ಚಿಕ್ಕದಾಗಿ ಬರೆದಿದ್ದಾರೆ? ಮೂರನೆಯದು ಹಿನ್ನೆಲೆಯದು. ಒಳ್ಳೆಯ ವ್ಯಂಗ್ಯಚಿತ್ರಕಾರರು ನಗರವನ್ನು ಬಚ್ಚಿಡುವುದು ಹಿನ್ನೆಲೆಯಲ್ಲಿ. ಅಂಗಡಿಯ ಬೋರ್ಡು, ಕರೆಂಟು ಕಂಬದ ತಂತಿಗಳ ಸಿಕ್ಕು, ಗೋಡೆಯ ಮೇಲಿನ ಪೋಸ್ಟರ್, ನೀರಿನ ಟ್ಯಾಂಕರ್, ಮಲಗಿದ ನಾಯಿ ಇವೆಲ್ಲ ಆ ಕಾಲದ ಊರಿನ ದಾಖಲೆಗಳು. ಫೋಟೋದಲ್ಲಿ ಇವು ತಾವಾಗಿ ಬಂದುಬಿಡುತ್ತವೆ. ಚಿತ್ರದಲ್ಲಿ ಕೈಯಿಂದ ಬರೆಯದ ಹೊರತು ಒಂದು ತಂತಿಯೂ ಬರುವುದಿಲ್ಲ. ಹಾಗಾದರೆ ಅದನ್ನು ಬರೆಯಬೇಕೆಂದು ಅವರಿಗೆ ಏಕೆ ಅನ್ನಿಸಿತು ಎಂದು ಯೋಚಿಸಿ.

ಇಷ್ಟಾದ ಮೇಲೆ ಕೈ ತೆಗೆದು ಅಡಿಬರಹ ಓದಿ. ನೀವು ಊಹಿಸಿದ್ದಕ್ಕೂ ಅದಕ್ಕೂ ಎಷ್ಟು ದೂರವಿದೆಯೋ ಅಷ್ಟು ಚಿತ್ರದ ಚಮತ್ಕಾರ. ಕೊನೆಯಲ್ಲಿ ದಿನಾಂಕ ನೋಡಿ. ಇಪ್ಪತ್ತು ಮೂವತ್ತು ವರ್ಷ ಹಳೆಯ ಚಿತ್ರದಲ್ಲಿ ಇವತ್ತಿನ ತೊಂದರೆಯೇ ಕಂಡಾಗ ನಗು ಅಲ್ಲೇ ನಿಂತುಹೋಗುತ್ತದೆ. ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಬೇಕಾದದ್ದು ಅಂಥ ಚಿತ್ರಗಳನ್ನೇ.

6. ಮೂಲಚಿತ್ರವನ್ನು ಗುರುತಿಸಿ

ಗೋಡೆಯ ಮೇಲೆ ಮುದ್ರಿತ ಪ್ರತಿಗಳೂ ಇರಬಹುದು, ಕಲಾವಿದರು ಕೈಯಾರೆ ಬರೆದ ಮೂಲಗಳೂ ಇರಬಹುದು. ಎರಡರ ವ್ಯತ್ಯಾಸ ತಿಳಿದರೆ ನೋಡುವ ಸಂತೋಷ ಹೆಚ್ಚುತ್ತದೆ. ಮೂಲಚಿತ್ರ ಸಾಮಾನ್ಯವಾಗಿ ಪತ್ರಿಕೆಯಲ್ಲಿ ಬರುವುದಕ್ಕಿಂತ ದೊಡ್ಡದಿರುತ್ತದೆ, ಏಕೆಂದರೆ ಅಚ್ಚಿನಲ್ಲಿ ಕುಗ್ಗಿಸಿದಾಗ ಕೈಯ ಸಣ್ಣ ನಡುಕಗಳು ಮರೆಯಾಗಿ ಗೆರೆ ಚೊಕ್ಕವಾಗುತ್ತದೆ. ಸ್ವಲ್ಪ ಪಕ್ಕಕ್ಕೆ ಸರಿದು, ಬೆಳಕು ಓರೆಯಾಗಿ ಬೀಳುವಂತೆ ನಿಂತು ನೋಡಿ. ಶಾಯಿಯ ಕೆಳಗೆ ಅಳಿಸದೆ ಉಳಿದ ಪೆನ್ಸಿಲ್ ಗೆರೆ ಕಾಣಬಹುದು. ತಪ್ಪಿದ ಜಾಗಕ್ಕೆ ಹಚ್ಚಿದ ಬಿಳಿ ಬಣ್ಣ ಕಾಗದದ ಬಿಳುಪಿಗಿಂತ ಬೇರೆಯಾಗಿ, ಕೊಂಚ ಉಬ್ಬಿ ಕಾಣುತ್ತದೆ. ಹಳೆಯ ಚಿತ್ರಗಳಲ್ಲಿ ತೆಳು ನೀಲಿ ಪೆನ್ಸಿಲಿನ ಗುರುತುಗಳಿದ್ದರೆ ಅವು ಹೊಲಸಲ್ಲ. ಅಚ್ಚುಮನೆಯ ಕ್ಯಾಮೆರಾಕ್ಕೆ ತಿಳಿನೀಲಿ ಕಾಣುತ್ತಿರಲಿಲ್ಲವಾದ್ದರಿಂದ ಕಲಾವಿದರು ಕರಡು ಗೆರೆಗಳನ್ನು ಅದರಲ್ಲೇ ಎಳೆಯುತ್ತಿದ್ದರು. ಅಂಚಿನಲ್ಲಿ ಇಷ್ಟು ಸೆಂಟಿಮೀಟರಿಗೆ ಕುಗ್ಗಿಸಿ ಎಂಬ ಸೂಚನೆ ಅಥವಾ ದಿನಾಂಕದ ಮೊಹರು ಇದ್ದರೆ ಅದೂ ಚಿತ್ರದ ಚರಿತ್ರೆಯೇ.

ನೆರಳನ್ನು ಹೇಗೆ ತಂದಿದ್ದಾರೆಂದು ನೋಡಿ. ಒತ್ತೊತ್ತಾಗಿ ಸಮಾನಾಂತರ ಗೆರೆಗಳನ್ನು ಎಳೆದು, ಅದರ ಮೇಲೆ ಅಡ್ಡಗೆರೆಗಳನ್ನು ಹಾಯಿಸಿ ಕಪ್ಪು ತರುವ ವಿಧಾನಕ್ಕೆ ಕ್ರಾಸ್ ಹ್ಯಾಚಿಂಗ್ ಎನ್ನುತ್ತಾರೆ. ಬ್ರಷ್ಷಿನ ಗೆರೆಯಾದರೆ ಆರಂಭದಲ್ಲಿ ದಪ್ಪವಾಗಿ ತುದಿಯಲ್ಲಿ ಕೂದಲೆಳೆಯಾಗುತ್ತದೆ. ಗಟ್ಟಿ ತುದಿಯ ಪೆನ್ನಿನ ಗೆರೆ ಉದ್ದಕ್ಕೂ ಒಂದೇ ದಪ್ಪ. ಇತ್ತೀಚಿನ ಚಿತ್ರಗಳನ್ನು ಅನೇಕರು ಟ್ಯಾಬ್ಲೆಟ್ ಮೇಲೆ ಬರೆಯುವುದರಿಂದ ಅವುಗಳಿಗೆ ಕಾಗದದ ಮೂಲವೇ ಇರುವುದಿಲ್ಲ, ಗೋಡೆಯ ಮೇಲಿರುವ ಮುದ್ರಣವೇ ಮೂಲ. ಅದನ್ನು ಕೀಳಾಗಿ ಕಾಣಬೇಕಿಲ್ಲ.

7. ಮಕ್ಕಳ ಜೊತೆ ಹೋದಾಗ

ಹತ್ತು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ರಾಜಕೀಯ ಚಿತ್ರಗಳನ್ನು ವಿವರಿಸಲು ಹೆಣಗಬೇಡಿ. ಮೇಲೆ ಹೇಳಿದ ನಾಯಿ, ಕಾಗೆ, ತಂತಿಗಳನ್ನು ಹುಡುಕುವ ಕೆಲಸ ಕೊಡಿ. ಸ್ವಲ್ಪ ದೊಡ್ಡ ಮಕ್ಕಳಿಗೆ ಒಂದು ಚಿತ್ರದ ಅಡಿಬರಹವನ್ನು ಕನ್ನಡದಲ್ಲಿ, ಅದರಲ್ಲೂ ತುಮಕೂರಿನ ಮಾತಿನಲ್ಲಿ, ಹೇಳಲು ಪ್ರೋತ್ಸಾಹಿಸಿ. ಅನೇಕ ಅಡಿಬರಹಗಳು ಇಂಗ್ಲಿಷಿನಲ್ಲಿರುವುದರಿಂದ ಇದು ಅಗತ್ಯವೂ ಹೌದು. ಬೆಂಗಳೂರಿನ ಕಾವೇರಿ ನೀರಿನ ಪಾಡಿನ ಚಿತ್ರವನ್ನು ನೋಡಿ, ನಮ್ಮಲ್ಲಿ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದು ಅಲ್ಲಿಂದ ನಲ್ಲಿಗೆ ಬರುವ ವಿಚಾರವನ್ನು ಹೇಳಿದರೆ ಮಕ್ಕಳಿಗೆ ಚಿತ್ರ ತಮ್ಮದಾಗುತ್ತದೆ. ಒಂದು ಗಂಟೆಗಿಂತ ಹೆಚ್ಚು ಅವರನ್ನು ನಿಲ್ಲಿಸಬೇಡಿ.

ಅದೇ ದಿನ ಇನ್ನೂ ಎರಡು ಮ್ಯೂಸಿಯಂ, ಒಂದು ಉದ್ಯಾನ ಸೇರಿಸುವ ಯೋಜನೆ ಹಾಕಬೇಡಿ. ಸಂಜೆ ಐದರ ಬಳಿಕ ಮೆಟ್ರೋದಲ್ಲೂ ತುಮಕೂರಿನ ಗಾಡಿಗಳಲ್ಲೂ ನಿಲ್ಲಲು ಜಾಗ ಸಿಗುವುದು ಕಷ್ಟ. ನಾಲ್ಕರ ಒಳಗೆ ಟ್ರಿನಿಟಿಯನ್ನು ಬಿಟ್ಟರೆ ಮಕ್ಕಳು ಕುಳಿತು ಬರಬಹುದು.

8. ಮನೆಗೆ ಬಂದ ಮೇಲೆ

ಈ ಹಂತವನ್ನು ಬಿಟ್ಟುಬಿಡಬೇಡಿ ಎಂದು ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಇನ್ನೂರು ಪುಟದ ಒಂದು ನೋಟ್ ಪುಸ್ತಕ ತೆಗೆದುಕೊಂಡು, ನಿಮ್ಮ ಮನೆಗೆ ಬರುವ ಪತ್ರಿಕೆಯ ವ್ಯಂಗ್ಯಚಿತ್ರಗಳಲ್ಲಿ ವಾರಕ್ಕೆ ಒಂದನ್ನು ಕತ್ತರಿಸಿ ಅಂಟಿಸಿ. ನಗರದ ಬದುಕಿಗೆ ಸಂಬಂಧಿಸಿದ್ದನ್ನು ಮಾತ್ರ ಆರಿಸಿ. ಪುಟದ ಎಡಕ್ಕೆ ಚಿತ್ರ, ಬಲಕ್ಕೆ ನಮ್ಮೂರಿನ ಒಂದು ಟಿಪ್ಪಣಿ ಬರೆಯಿರಿ: ಬಿ.ಎಚ್. ರಸ್ತೆಯಲ್ಲಿ ಇವತ್ತು ಯಾವ ಭಾಗ ಅಗೆದಿತ್ತು, ಅಮಾನಿಕೆರೆಯಲ್ಲಿ ನೀರು ಎಷ್ಟಿತ್ತು, ಟೌನ್‌ಹಾಲ್ ವೃತ್ತ ದಾಟಲು ಎಷ್ಟು ಹೊತ್ತಾಯಿತು. ತುಮಕೂರು 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ನಂತರದ ವರ್ಷಗಳಲ್ಲಿ ಊರಿನ ರಸ್ತೆಗಳು ಹೇಗೆ ಬದಲಾದವು ಎಂಬುದಕ್ಕೆ ಇಂಥ ಒಂದು ಪುಸ್ತಕವನ್ನು ಆಗಲೇ ಯಾರಾದರೂ ಇಟ್ಟಿದ್ದರೆ ಇಂದು ಅದಕ್ಕೆಷ್ಟು ಬೆಲೆಯಿರುತ್ತಿತ್ತೆಂದು ನನಗೆ ಪದೇ ಪದೇ ಅನ್ನಿಸುತ್ತದೆ.

ಅಂಟಿಸಲು ಮೈದಾ ಅಂಟು ಬೇಡ, ಜಿರಲೆ ಮತ್ತು ಬೆಳ್ಳಿಮೀನು ಹುಳ ಬರುತ್ತವೆ. ಸೆಲ್ಲೋಟೇಪು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದವನ್ನು ಕಲೆಗೊಳಿಸುತ್ತದೆ. ಗಟ್ಟಿ ಗ್ಲೂ ಸ್ಟಿಕ್ ವಾಸಿ. ಪತ್ರಿಕೆಯ ಕಾಗದ ಬಿಸಿಲಿಗೆ ಬೇಗ ಕಂದುತ್ತದೆ, ಆದ್ದರಿಂದ ಪುಸ್ತಕವನ್ನು ಕಿಟಕಿಯ ಬಳಿ ಇಡದೆ ಬೀರುವಿನಲ್ಲಿ ಅಡ್ಡಲಾಗಿ ಮಲಗಿಸಿಡಿ. ಪ್ರತಿ ಚಿತ್ರದ ಕೆಳಗೂ ಪತ್ರಿಕೆಯ ಹೆಸರು, ಕಲಾವಿದರ ಹೆಸರು ಮತ್ತು ದಿನಾಂಕವನ್ನು ಕತ್ತರಿ ಕೈಗೆತ್ತಿಕೊಳ್ಳುವ ಮೊದಲೇ ಪೆನ್ಸಿಲಿನಲ್ಲಿ ಬರೆದಿಡಿ. ಕತ್ತರಿಸಿದ ಮೇಲೆ ದಿನಾಂಕವಿದ್ದ ಪುಟದ ತಲೆಭಾಗ ರದ್ದಿಗೆ ಹೋಗಿರುತ್ತದೆ.